ಎಡೆಗೆ ಕೂಗಿದ ಹೆಸರು

ಇನ್‌ಸ್ಪೆಕ್ಟರ್ ಸಾಹೇಬರು ಗುರುವಾರ ಶಾಲೆ ತನಿಖೆಗೆ ಬರುತ್ತಾರೆಂದು ಗೊತ್ತಾದ ದಿನದಿಂದ ಹನುಮಂತರಾಯಪ್ಪ ಮೇಷ್ಟ್ರಿಗೆ ಊಟ ರುಚಿಸುತ್ತಿರಲಿಲ್ಲ. ತೂಬಗೆರೆಯ ಶಾಲೆಗೆ ಇದ್ದದ್ದು ಎರಡು ಕೋಣೆ, ಒಂದು ಜಗಲಿ, ಮೂಲೆ ಹರಿದ ಒಂದು ಭೂಪಟ. ಜಗಲಿಯನ್ನು ಸೆಗಣಿ ಹಾಕಿ ಸಾರಿಸಿದ್ದಾಯಿತು, ಗೋಡೆಗೆ ಸುಣ್ಣ ಹೊಡೆಸಿದ್ದಾಯಿತು, ಭೂಪಟದ ಮೂಲೆಗೆ ಗಂಜಿ ಹಚ್ಚಿ ಕಾಗದ ಅಂಟಿಸಿದ್ದೂ ಆಯಿತು. ಅದು ನಲವತ್ತೆರಡನೇ ಇಸವಿಯ ಸೆಪ್ಟೆಂಬರ್ ಕೊನೆ. ಬೆಂಗಳೂರಿನಲ್ಲಿ ಹುಡುಗರು ಪುಸ್ತಕ ಬಿಸಾಕಿ ಬೀದಿಗಿಳಿದಿದ್ದ ಕಾಲ. ಯುದ್ಧದ ವಿಷಯ ಮಕ್ಕಳಿಗೆ ಸರಿಯಾಗಿ ತಿಳಿಸಬೇಕೆಂದು ಮೇಲಿನಿಂದ ಕಾಗದ ಬಂದಿತ್ತು. ಯುದ್ಧದ ವಿಷಯ ಮೇಷ್ಟ್ರಿಗೇ ಅಷ್ಟಕ್ಕಷ್ಟೆ. ಆದರೆ ಅವರ ನಾಲ್ಕನೇ ಕ್ಲಾಸಿನಲ್ಲಿ ಯುದ್ಧವನ್ನು ಕಣ್ಣಾರೆ ಕಂಡ ಹುಡುಗಿ ಒಬ್ಬಳಿದ್ದಳು. ದೊಡ್ಡಬಳ್ಳಾಪುರದ ದೊಡ್ಡ ಶಾಲೆಗೂ ಇಲ್ಲದ ಭಾಗ್ಯ ನಮ್ಮ ಶಾಲೆಗಿದೆ ಎಂದು ಅವರು ಒಳಗೊಳಗೇ ಹಿಗ್ಗಿಕೊಂಡರು.

ಹಾಜರಿ ಪುಸ್ತಕದಲ್ಲಿ ಆ ಹುಡುಗಿಯ ಹೆಸರು ಮುನಿಗಂಗಮ್ಮ. ಅದು ಅಜ್ಜಿ ಅಮ್ಮಯಮ್ಮ ಇಟ್ಟ ಹೆಸರು. ಇಟ್ಟು ಇನ್ನೂ ಏಳೇ ತಿಂಗಳಾಗಿತ್ತು. ಅದಕ್ಕೆ ಹಿಂದಿನ ಹತ್ತು ವರ್ಷ ಅವಳು ಮ್ಯಾ ಆಗಿದ್ದಳು, ರಂಗೂನಿನಲ್ಲಿ ಹುಟ್ಟಿ ರಂಗೂನಿನಲ್ಲಿ ಬೆಳೆದವಳು. ಅಪ್ಪ ಮುನಿವೆಂಕಟಪ್ಪ ಮಾತ್ರ ತೂಬಗೆರೆಯವನೇ. ಹದಿನೆಂಟರ ವಯಸ್ಸಿನಲ್ಲಿ ತಂದೆಯ ಮೇಲೆ ಮುನಿಸಿಕೊಂಡು ಮದರಾಸಿನಲ್ಲಿ ಹಡಗು ಹತ್ತಿದ ಒಕ್ಕಲು ಮನೆಯ ಹುಡುಗ. ರಂಗೂನಿನಲ್ಲಿ ಟ್ರಾಮ್ ಗಾಡಿ ನಡೆಸುತ್ತಿದ್ದ. ಟ್ರಾಮ್ ನಿಲ್ಲುವ ಕಡೆ ಒಬ್ಬ ಬರ್ಮಾ ಹುಡುಗಿ ಬಿಸಿ ಮೀನಿನ ಸಾರಿಗೆ ಶಾವಿಗೆ ಹಾಕಿ ಮಾರುತ್ತಿದ್ದಳು. ಅವಳನ್ನೇ ಮದುವೆಯಾದ. ಅವಳು ಮಾ ಶ್ವೇ, ಮ್ಯಾಳ ತಾಯಿ.

ಹಿಂದಿನ ಡಿಸೆಂಬರಿನಲ್ಲಿ ರಂಗೂನಿನ ಮೇಲೆ ಬಾಂಬು ಬಿತ್ತು. ಫೆಬ್ರವರಿಯಲ್ಲಿ ಅಪ್ಪ, ಮಗಳು ಹಡಗು ಹತ್ತಿದರು. ಮಾ ಶ್ವೇ ಹತ್ತಲಿಲ್ಲ. ಅವಳ ಮುದಿ ತಾಯಿ ಪೆಗು ಊರಿನಲ್ಲಿ ಕಾಲು ಕೆಟ್ಟು ಮಲಗಿದ್ದಳು. ಅವಳನ್ನು ಕರೆದುಕೊಂಡು ಮುಂದಿನ ಹಡಗಿಗೆ ಬರುತ್ತೇನೆ, ಮದರಾಸಿನಲ್ಲಿ ಕಾಯುತ್ತಿರಿ ಎಂದು ಹೇಳಿ ಬಂದರಿನ ಕಟ್ಟೆಯ ಮೇಲೆ ನಿಂತು ಕೈ ಬೀಸಿದಳು. ಅಪ್ಪ, ಮಗಳು ಮದರಾಸಿನ ಛತ್ರವೊಂದರಲ್ಲಿ ಮೂರು ವಾರ ಕಾದರು. ಬಂದ ಪ್ರತಿ ಹಡಗಿನ ಏಣಿಯ ಬುಡದಲ್ಲಿ ನಿಂತು ಇಳಿಯುವವರ ಮುಖ ನೋಡಿದರು. ಆಮೇಲೆ ರಂಗೂನು ಜಪಾನಿನವರ ಕೈಸೇರಿತು, ಹಡಗುಗಳೇ ನಿಂತುಹೋದವು. ಮುನಿವೆಂಕಟಪ್ಪ ಬರೆಸಿದ ಕಾಗದ, ಬರ್ಮಾಕ್ಕೆ ಟಪಾಲು ಹೋಗುವುದಿಲ್ಲ ಎಂಬ ಮೊಹರು ಹೊಡೆಸಿಕೊಂಡು ವಾಪಸು ಬಂತು.

ಮನೆಗೆ ಬಂದಾಗ ಅಮ್ಮಯಮ್ಮ ಮೊದಲು ಕೇಳಿದ್ದು, "ಅವಳೆಲ್ಲಪ್ಪ?" ಎಂದು. ಮುನಿವೆಂಕಟಪ್ಪ ಬಾಗಿಲ ದಾರಂದಕ್ಕೆ ಒರಗಿಕೊಂಡು ಅತ್ತುಬಿಟ್ಟ. ಬಾಂಬಿನ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಅಳುವ ಗಂಡ, ತಾಯಿಯಿಲ್ಲದ ಮಗು ಕಣ್ಣೆದುರಿಗೆ ಇದ್ದರು. ಇನ್ನು ಕೇಳುವುದೇನಿದೆ ಎಂದುಕೊಂಡು ಅಮ್ಮಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನೆರೆಹೊರೆಯವರು ಬಂದು ಕೂತು ಹೋದರು. ಮುನಿವೆಂಕಟಪ್ಪ ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಯಾರಾದರೂ ಸುಳ್ಳು ಹೇಳಿದ್ದರೆ ಹಿಡಿದು ಕೇಳಬಹುದಿತ್ತು. ಇಲ್ಲಿ ಯಾರೂ ಸುಳ್ಳೇ ಹೇಳಿರಲಿಲ್ಲ. ಎಲ್ಲರೂ ಸೇರಿ ಒಂದು ಜೀವವನ್ನು ಸದ್ದಿಲ್ಲದೆ ತೀರಿಸಿಬಿಟ್ಟಿದ್ದರು.

ಮಗಳು ಒಮ್ಮೆ ಹೊಲದಲ್ಲಿ ಅಪ್ಪನನ್ನು ಕೇಳಿದ್ದಳು.

"ಅಪ್ಪ, ಅಮ್ಮ ಸತ್ತೋದ್ಲು ಅಂತ ಯಾಕೆ ಎಲ್ರೂ ಅಂತಾರೆ? ನೀನು ಹೇಳು ಅವ್ರಿಗೆ."

"ಹೇಳ್ತೀನಿ ಕಣವ್ವ," ಎಂದಿದ್ದ ಅಪ್ಪ. ಆಗ ರಾಗಿ ಬಿತ್ತನೆಯ ಕಾಲ. ಈಗ ರಾಗಿ ತೆನೆ ಕಟ್ಟುತ್ತಿತ್ತು, ಅಪ್ಪ ಇನ್ನೂ ಹೇಳಿರಲಿಲ್ಲ.

ಗುರುವಾರ ಬಂತು. ಇನ್‌ಸ್ಪೆಕ್ಟರು ಜರಿಪೇಟ ಸುತ್ತಿ, ಉದ್ದ ಕೋಟು ತೊಟ್ಟು, ಎತ್ತಿನ ಗಾಡಿಯಲ್ಲಿ ಧೂಳು ಕುಡಿದು ಬಂದಿಳಿದರು. ಸ್ವಭಾವದಲ್ಲಿ ಮೃದು ಮನುಷ್ಯ. ಅವರ ಪಕ್ಕದ ಕುರ್ಚಿಯಲ್ಲಿ ಊರ ಹಿರಿಯ ಅಪ್ಪಯ್ಯಣ್ಣ ಕೂತರು. ಶಾಲೆಗೆ ಗಣ್ಯರು ಬಂದರೆ ಅಪ್ಪಯ್ಯಣ್ಣನವರು ಪಕ್ಕದಲ್ಲಿ ಕೂರಬೇಕೆಂಬುದು ರೂಢಿ, ಅದಕ್ಕೆ ಹೇಳಿಕಳಿಸುವುದೂ ಬೇಕಾಗುತ್ತಿರಲಿಲ್ಲ.

ಮೇಷ್ಟ್ರು ಮುನಿಗಂಗಮ್ಮನನ್ನು ಭೂಪಟದ ಮುಂದೆ ನಿಲ್ಲಿಸಿದರು. ಎರಡು ವಾರದಿಂದ ಬರೆದುಕೊಟ್ಟು ಬಾಯಿಪಾಠ ಮಾಡಿಸಿದ್ದನ್ನು ಅವಳು ಒಪ್ಪಿಸಿದಳು. ಬರ್ಮಾ ದೇಶವು ಇಂಡಿಯಾದ ಪೂರ್ವಕ್ಕಿದೆ. ಅಲ್ಲಿ ಭತ್ತ, ತೇಗದ ಮರ, ಸೀಮೆಎಣ್ಣೆ ಹೇರಳವಾಗಿ ದೊರೆಯುತ್ತವೆ. ಐರಾವತಿಯು ಅಲ್ಲಿನ ಮುಖ್ಯ ನದಿ. ಜನರು ಬುದ್ಧನನ್ನು ಪೂಜಿಸುವರು. ಒಂದು ಅಕ್ಷರ ತಪ್ಪಲಿಲ್ಲ. ಇನ್‌ಸ್ಪೆಕ್ಟರು ತಲೆದೂಗಿದರು.

ಅಲ್ಲಿಗೆ ನಿಲ್ಲಿಸಿದ್ದರೆ ಮೇಷ್ಟ್ರ ಪಾಡಿಗೆ ಮೇಷ್ಟ್ರು, ಹುಡುಗಿಯ ಪಾಡಿಗೆ ಹುಡುಗಿ ಇರುತ್ತಿದ್ದರು. ಆದರೆ ಮೆಚ್ಚುಗೆ ಸಿಕ್ಕಿದ ಮನುಷ್ಯನಿಗೆ ಇನ್ನೊಂದು ತುತ್ತು ಬೇಕೆನ್ನಿಸುತ್ತದೆ. "ಮಕ್ಕಳೇ, ನಿಮಗೇನಾದರೂ ಕೇಳೋದಿದ್ದರೆ ಕೇಳಿ. ಅವಳ ದೇಶದ ವಿಷಯ ಅವಳೇ ಹೇಳ್ತಾಳೆ," ಎಂದರು.

ಮಕ್ಕಳು ಅದಕ್ಕೇ ಕಾದಿದ್ದವು. ಹಿಂದಿನ ಸಾಲಿನ ಬೈರಣ್ಣ ಎದ್ದು ನಿಂತ. "ಅಲ್ಲಿ ಹಾವು ತಿಂತಾರಂತೆ, ಹೌದಾ?"

"ಇಲ್ಲ. ಅನ್ನ ತಿಂತಾರೆ. ಮೀನು ತಿಂತಾರೆ."

"ಹೆಂಗಸ್ರು ಚುಟ್ಟ ಸೇದ್ತಾರಂತೆ?"

"ಸೇದ್ತಾರೆ. ನಮ್ಮಮ್ಮನೂ ಸೇದ್ತಾಳೆ."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅಲ್ಲಿ ನಗುತ್ತಿದ್ದ ಅರ್ಧ ಮಕ್ಕಳ ಅಜ್ಜಿಯರು ದಿನವಿಡೀ ದವಡೆಯಲ್ಲಿ ಹೊಗೆಸೊಪ್ಪು ಒತ್ತಿಕೊಂಡಿರುತ್ತಿದ್ದರು. ಅದು ಯಾರಿಗೂ ನೆನಪಾಗಲಿಲ್ಲ. ಮುನಿಗಂಗಮ್ಮನ ಕಿವಿ ಬಿಸಿಯಾಯಿತು. ಅಮ್ಮನನ್ನು ಹೀಗೆ ನಗೆಪಾಟಲು ಮಾಡಿದೆನಲ್ಲ ಎಂದು ಬೇರೆ ಏನಾದರೂ ದೊಡ್ಡದನ್ನು ಹೇಳಲು ನೋಡಿದಳು.

"ನಮ್ಮೂರಲ್ಲಿ ಬುದ್ಧನ ಗೋಪುರ ಇದೆ. ಗುಡ್ಡದಷ್ಟು ಎತ್ತರ. ಪೂರ್ತಿ ಚಿನ್ನ."

"ನಂದಿಬೆಟ್ಟದಷ್ಟಾ?" ಎಂದ ಬೈರಣ್ಣ.

ಅವಳು ಕಿಟಕಿಯಾಚೆ ನೋಡಿದಳು. ನಂದಿಬೆಟ್ಟ ಅಲ್ಲಿಯೇ ಮೋಡ ಹೊದ್ದು ಕೂತಿತ್ತು. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಅಷ್ಟಿಲ್ಲ," ಎಂದಳು.

ಮತ್ತೆ ನಗು. "ಬಿಡ್ರಲೇ, ಚಿನ್ನ ಅಂತೆ. ಹಿತ್ತಾಳೆ ಇರ್ಬೇಕು," ಎಂದು ಯಾರೋ ಗೊಣಗಿದರು.

ಅವಳ ತಲೆಯಲ್ಲಿ ಹೇಳಬೇಕಾದದ್ದು ಎಷ್ಟೋ ಇತ್ತು. ಬೆಳಗ್ಗೆ ಬರಿಗಾಲಿನ ಸನ್ಯಾಸಿಗಳು ಸಾಲಾಗಿ ಬರುವುದು, ಮಾರುವುದಕ್ಕೂ ಮೊದಲು ಅಮ್ಮ ಅವರ ಪಾತ್ರೆಗಳಿಗೆ ಒಂದೊಂದು ಸೌಟು ಅನ್ನ ಹಾಕುವುದು, ಮರದ ತೊಗಟೆಯನ್ನು ಕಲ್ಲಿನ ಮೇಲೆ ತೇಯ್ದು ಅವಳ ಎರಡು ಕೆನ್ನೆಗೂ ತಂಪಾಗಿ ಬಳಿಯುವುದು, ಅಪ್ಪನ ಟ್ರಾಮಿನ ಗಂಟೆ ಕೇಳಿದ ಕೂಡಲೆ ಒಂದು ಬಟ್ಟಲು ತೆಗೆದಿಡುವುದು. ಇದನ್ನೆಲ್ಲ ಯಾವ ಪ್ರಶ್ನೆಗೆ ಉತ್ತರವಾಗಿ ಹೇಳುವುದು? ಅವರು ಕೇಳುತ್ತಿದ್ದದ್ದು ಹಾವು, ಆನೆ, ಚಿನ್ನ. ತನ್ನ ಊರಿನ ಬಗ್ಗೆ ಅವಳು ಹೇಳಬೇಕೆಂದಿದ್ದದ್ದನ್ನು ಯಾರೂ ಕೇಳಲಿಲ್ಲ.

ಆಗ ಇನ್‌ಸ್ಪೆಕ್ಟರು ಮಕ್ಕಳನ್ನು ಸುಮ್ಮನಿರಿಸಿ ಮುಂದಕ್ಕೆ ಬಾಗಿದರು. "ಬಾಂಬು ಬಿದ್ದದ್ದನ್ನ ನೀನು ನೋಡಿದೆಯಾ, ಮಗು?"

"ನೋಡಿದೀನಿ."

"ಪಾಪ. ನಿಮ್ಮ ತಾಯಿ ಅದರಲ್ಲೇ ಹೋದರೇನಮ್ಮ?"

ಏಳು ತಿಂಗಳಲ್ಲಿ ಮೊದಲ ಸಲ ಒಬ್ಬರು ಅವಳನ್ನು ನೇರವಾಗಿ ಕೇಳಿದ್ದರು. ಇವರು ದೊಡ್ಡವರು, ಸರ್ಕಾರದವರು, ಇವರಿಗೆ ಹೇಳಿದರೆ ಎಲ್ಲರಿಗೂ ಹೇಳಿದ ಹಾಗೆ ಎಂದುಕೊಂಡಳು.

"ಇಲ್ಲ ಸಾರ್. ಅಮ್ಮ ಬದುಕವಳೆ. ಬಾಂಬು ಬಿದ್ದ್ಮೇಲೂ ಇದ್ಲು. ನಾವು ಹಡಗು ಹತ್ತೋವಾಗ ಬಂದಿದ್ಲು. ಅಜ್ಜೀನ ಕರ್ಕೊಂಡು ಬರ್ತೀನಿ ಅಂದವಳೆ. ಹಡಗು ನಿಂತೋಯ್ತು, ಅದಕ್ಕೆ ಬಂದಿಲ್ಲ."

ಒಂದೇ ಉಸಿರಿಗೆ ಹೇಳಿ ಎಲ್ಲರ ಮುಖ ನೋಡಿದಳು. ಈಗ ಯಾರೂ ನಗಲಿಲ್ಲ. ಮುಂದಿನ ಸಾಲಿನ ಸಪ್ಪಲಮ್ಮ ಎಂಬ ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು. ಮೇಷ್ಟ್ರು ಇನ್‌ಸ್ಪೆಕ್ಟರ ಕಿವಿಯ ಹತ್ತಿರ ಬಗ್ಗಿ, ಎಲ್ಲರಿಗೂ ಕೇಳುವಷ್ಟು ಸಣ್ಣ ದನಿಯಲ್ಲಿ, "ತಾಯಿ ಬಾಂಬಿನಲ್ಲೇ ತೀರಿಕೊಂಡರು ಸಾರ್. ಮಗು ಇನ್ನೂ ನಂಬಿಲ್ಲ," ಎಂದರು. ಇನ್‌ಸ್ಪೆಕ್ಟರು ಅವಳನ್ನು ಹತ್ತಿರಕ್ಕೆ ಕರೆದು ತಲೆ ಸವರಿದರು. "ದೇವರು ಒಳ್ಳೇದು ಮಾಡ್ತಾನೆ, ಜಾಣೆ," ಎಂದು ತಮ್ಮ ಜೇಬಿನಲ್ಲಿದ್ದ ಪೆನ್ಸಿಲನ್ನು ಅವಳ ಕೈಗಿಟ್ಟರು. ಮಕ್ಕಳು ಚಪ್ಪಾಳೆ ತಟ್ಟಿದವು.

ಅವಳು ಪೆನ್ಸಿಲು ಹಿಡಿದುಕೊಂಡು ನಿಂತಳು. ಅವರು ಬೈದಿದ್ದರೆ, ಸುಳ್ಳು ಬೊಗಳ್ತೀಯ ಎಂದು ಗದರಿಸಿದ್ದರೆ, ಇಲ್ಲ ನಿಜ ಎಂದು ಕೂಗಬಹುದಿತ್ತು. ತಲೆ ಸವರುವವರ ಮುಂದೆ ಕೂಗುವುದು ಹೇಗೆ?

ಅವಳ ಮಾತನ್ನು ಮಾತೆಂದು ಕೇಳಿದವರು ಅಲ್ಲಿ ಒಬ್ಬರೇ, ಅಪ್ಪಯ್ಯಣ್ಣ. ಅದಕ್ಕೆ ಕಾರಣವಿತ್ತು. ಹತ್ತಿರದ ಮಧುರೆ ಹಳ್ಳಿಯಲ್ಲಿ ಅವರ ತಂಗಿಯ ಮಗಳು ಅಂಜಿನಮ್ಮ ಮದುವೆಗಿದ್ದಳು. ಆ ಹುಡುಗಿಯನ್ನು ಮುನಿವೆಂಕಟಪ್ಪನಿಗೆ ಕೊಡುವ ಮಾತು ಹಿಂದಿನ ತಿಂಗಳಷ್ಟೇ ಎದ್ದಿತ್ತು. ಎಬ್ಬಿಸಿದವಳು ಅಮ್ಮಯಮ್ಮ. ಅವಳಿಗೂ ಎಪ್ಪತ್ತರ ಹತ್ತಿರ, ನಾಳೆ ತಾನು ಕಣ್ಣು ಮುಚ್ಚಿದರೆ ಈ ಮಗುವಿನ ಜಡೆ ಹೆಣೆಯುವವರು ಯಾರು ಎಂಬುದು ಅವಳ ಚಿಂತೆ. ಅದನ್ನು ತಪ್ಪು ಎನ್ನಲು ಯಾರಿಗೆ ಬಾಯಿ ಬರುತ್ತದೆ?

ಅದೇ ಸಂಜೆ ಅಪ್ಪಯ್ಯಣ್ಣ ಮನೆಗೆ ಬಂದರು. ಜಗಲಿಯ ಮೇಲೆ ಕೂತು, ಕೊಟ್ಟ ಎಲೆ ಅಡಿಕೆಯನ್ನು ಮುಟ್ಟದೆ, ನೇರ ವಿಷಯಕ್ಕೆ ಇಳಿದರು. ಮುನಿಗಂಗಮ್ಮ ಒಳಬಾಗಿಲ ಹಿಂದೆ ನಿಂತಿದ್ದಳು.

"ನೋಡು ಮುನಿವೆಂಕಟಪ್ಪ, ನಿನ್ ಮಗಳು ಇವತ್ತು ಶಾಲೇಲಿ ಒಂದು ಮಾತು ಹೇಳಿದ್ಲು. ಮಗು ಮಾತು ಅಂತ ಎಲ್ರೂ ಬಿಟ್ರು. ನಾನು ಬಿಡಕ್ಕಾಗಲ್ಲ. ಸವತಿ ಇರೋ ಮನೆಗೆ ನಾವು ಹೆಣ್ಣು ಕೊಡೋರಲ್ಲ. ನಿನ್ ಬಾಯಲ್ಲೇ ಹೇಳು. ಅವಳು ಬದುಕವಳೋ, ಇಲ್ವೋ?"

ಬಾಗಿಲ ಹಿಂದೆ ಮಗಳು, ಹೇಳು ಅಪ್ಪ ಎಂದು ಮನಸ್ಸಿನಲ್ಲೇ ಕೂಗಿಕೊಂಡಳು.

ಮುನಿವೆಂಕಟಪ್ಪ ತನ್ನ ಅಂಗೈಯ ದಡ್ಡುಗಳನ್ನು ತಿಕ್ಕಿಕೊಳ್ಳುತ್ತಾ ಕೂತಿದ್ದ. "ಗೊತ್ತಿಲ್ಲ ಅಪ್ಪಯ್ಯಣ್ಣ," ಎಂದ. "ಬಿಟ್ಟು ಬಂದಾಗ ಇದ್ಲು. ಆಮೇಲೆ ಆ ಊರೇ ಉರಿದೋಯ್ತಂತೆ. ಇದಾಳೆ ಅನ್ನಕ್ಕೆ ಧೈರ್ಯ ಇಲ್ಲ. ಇಲ್ಲ ಅನ್ನಕ್ಕೆ ಮನಸಿಲ್ಲ."

ಅಮ್ಮಯಮ್ಮ ಹಣೆ ಚಚ್ಚಿಕೊಂಡಳು. "ಇದ್ದಿದ್ರೆ ಇಷ್ಟೊತ್ತಿಗೆ ಒಂದು ಸುದ್ದಿ ಬರ್ತಿರ್ಲಿಲ್ವೇನೋ ನಿಮ್ಮಪ್ಪನ್ ಮಗನೆ."

ಅಪ್ಪಯ್ಯಣ್ಣ ಕೆಟ್ಟವರೇನಲ್ಲ. ಯೋಚನೆ ಮಾಡಿ ಒಂದು ದಾರಿ ಹೇಳಿದರು. "ಮುಂದಿನ ಶುಕ್ರವಾರ ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಡ್ತೀರಲ್ಲ, ಅವಳಿಗೂ ಒಂದು ಎಲೆ ಹಾಕು. ನಿನ್ ಕೈಯಾರೆ ಬಡಿಸು, ಹೆಸರು ಕೂಗಿ ನೀರು ಬಿಡು. ಯಾವ ಗಂಡಸೂ ಬದುಕಿರೋ ಹೆಂಡ್ತಿಗೆ ಎಡೆ ಇಡಲ್ಲ. ಅಷ್ಟು ಆದ್ರೆ ನಮ್ ಕಡೇದು ಆಯ್ತು. ಇಲ್ಲಾಂದ್ರೆ ಈ ಮಾತು ಇಲ್ಲಿಗೇ ಬಿಡೋಣ."

ಮುನಿವೆಂಕಟಪ್ಪ ತಲೆ ಎತ್ತಲಿಲ್ಲ. ಅಮ್ಮಯಮ್ಮ, "ಆಯ್ತಣ್ಣ, ಇಡ್ತಾನೆ," ಎಂದಳು. ಅಪ್ಪಯ್ಯಣ್ಣ ಆಗ ಎಲೆ ಅಡಿಕೆ ಬಾಯಿಗಿಟ್ಟುಕೊಂಡರು.

ಎಡೆ ಎಂದರೇನೆಂದು ಮುನಿಗಂಗಮ್ಮನಿಗೆ ಗೊತ್ತಿರಲಿಲ್ಲ. ಮರುದಿನ ಶಾಲೆಯಲ್ಲಿ ಸಪ್ಪಲಮ್ಮ ತಿಳಿಸಿಕೊಟ್ಟಳು. ನಡುಮನೆಯಲ್ಲಿ ಕಳಶ ಇಡುತ್ತಾರೆ, ಹೊಸ ಬಟ್ಟೆ ಇಡುತ್ತಾರೆ, ಸತ್ತವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಅಡಿಗೆ ಮಾಡಿ ಎಲೆಗೆ ಬಡಿಸುತ್ತಾರೆ. ಒಬ್ಬೊಬ್ಬರ ಹೆಸರನ್ನೂ ಕೂಗಿ ಕರೆಯುತ್ತಾರೆ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿ ಸುಮ್ಮನೆ ಕೂರುತ್ತಾರೆ. ಆಗ ಸತ್ತವರು ಬಂದು ಉಂಡು ಹೋಗುತ್ತಾರೆ.

"ಬದುಕಿರೋರಿಗೆ ಇಟ್ರೆ?" ಎಂದು ಕೇಳಿದಳು ಮುನಿಗಂಗಮ್ಮ.

ಸಪ್ಪಲಮ್ಮನಿಗೆ ಅಂಥ ಪ್ರಶ್ನೆ ಯಾವತ್ತೂ ಹೊಳೆದಿರಲಿಲ್ಲ. ಸ್ವಲ್ಪ ಯೋಚಿಸಿ ಹೇಳಿದಳು. "ಬದುಕಿರೋರು ಹೆಂಗೆ ಬರ್ತಾರೆ? ಬರಬೇಕು ಅಂದ್ರೆ ಸತ್ತೇ ಬರಬೇಕಲ್ವಾ."

ಆ ಮಾತು ಹುಡುಗಿಯನ್ನು ಬಿಡಲಿಲ್ಲ. ಅಪ್ಪನಿಗೆ ಹೇಳೋಣವೆಂದರೆ ಅಪ್ಪ ಆ ವಾರವೆಲ್ಲ ಕತ್ತಲು ಹರಿಯುವ ಮುಂಚೆ ಹೊಲಕ್ಕೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ, ಬಂದರೂ ಅವಳ ಕಣ್ಣು ತಪ್ಪಿಸುತ್ತಿದ್ದ. ಒಂದು ದಿನ ಹಟ ಮಾಡಿ ಅವನ ಹಿಂದೆಯೇ ಹೊಲಕ್ಕೆ ನಡೆದಳು. ಬದುವಿನ ಮೇಲೆ ನಿಂತು, "ಎಡೆ ಇಡಬೇಡ ಅಪ್ಪ," ಎಂದಳು.

"ಅದು ಬರೀ ಊಟ ಕಣವ್ವ. ಎಲೆ ಮೇಲೆ ಊಟ ಇಡೋದು, ಅಷ್ಟೇ."

"ಹಂಗಾದ್ರೆ ಹೆಸರು ಯಾಕೆ ಕೂಗಬೇಕು?"

ಅವನು ಕಳೆ ಕಿತ್ತ ಹಸಿಮಣ್ಣಿನ ಕೈಯನ್ನು ಅವಳ ತಲೆಯ ಮೇಲಿಡಲು ಬಂದು, ಕೈ ಕೊಳೆಯಾಗಿದೆಯೆಂದು ಹಿಂದಕ್ಕೆ ತೆಗೆದುಕೊಂಡ.

ಅಮಾವಾಸ್ಯೆಯ ಬೆಳಗ್ಗೆ ಅಮ್ಮಯಮ್ಮ ತಲೆಗೆ ನೀರು ಹಾಕಿಕೊಂಡು ಒಲೆಯ ಮುಂದೆ ಕೂತಳು. ಮಾವನಿಗೆ ಕಡುಬು, ಅತ್ತೆಗೆ ಒಬ್ಬಟ್ಟು, ಗಂಡನಿಗೆ ಕೋಳಿಸಾರು, ಎಲ್ಲ ಅವಳಿಗೆ ಕರಾರುವಾಕ್ಕಾಗಿ ನೆನಪಿತ್ತು. ಸೊಸೆಯ ವಿಷಯಕ್ಕೆ ಬಂದಾಗ ಕೈ ನಿಂತಿತು. ಇಷ್ಟು ದಿನ "ಆ ರಂಗೂನಿನವಳು" ಎಂದೇ ಕರೆದದ್ದು. ಏನು ತಿನ್ನುತ್ತಿದ್ದಳೋ, ಹೆಸರೇನೋ, ಯಾವುದೂ ಗೊತ್ತಿಲ್ಲ. ಮಗನನ್ನು ಕೇಳೋಣವೆಂದರೆ ಅವನು ಬಾಳೆ ಎಲೆ ತರಲು ಹೋಗಿದ್ದ, ಮನೆಯಲ್ಲಿದ್ದಾಗಲೂ ಆ ಮಾತೆತ್ತಿದರೆ ಎದ್ದು ಹೋಗುತ್ತಿದ್ದ. ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮೆಲ್ಲಗೆ ಕೇಳಿದಳು.

"ಮಗಾ, ನಿಮ್ಮವ್ವಂಗೆ ಏನಂದ್ರೆ ಇಷ್ಟ ಇತ್ತು? ಹೇಳು, ಮಾಡ್ತೀನಿ. ಹಸಕೊಂಡು ಬಂದೋಳು ಹಂಗೇ ಹೋಗಬಾರದು."

ಹುಡುಗಿಯ ತಲೆಯಲ್ಲಿ ಏನೋ ಮಿಂಚಿತು. ಬೇಡದ್ದನ್ನು ಇಟ್ಟರೆ ಅಮ್ಮ ಬರುವುದಿಲ್ಲ. ಮಾ ಶ್ವೇಗೆ ಹಾಲಿನ ವಾಸನೆಯೇ ಆಗುತ್ತಿರಲಿಲ್ಲ. ಅಪ್ಪ ಹಾಲು ಕಾಯಿಸಿದರೆ ಮೂಗು ಮುಚ್ಚಿಕೊಂಡು ಬೀದಿಗೆ ಹೋಗಿ ನಿಲ್ಲುತ್ತಿದ್ದಳು. ಅವಳ ಕಡೆಯ ಜನವೇ ಹಾಗೆ, ಹಾಲು ಕರುವಿನದೆಂದು ಮುಟ್ಟುತ್ತಿರಲಿಲ್ಲ.

"ಹಾಲು," ಎಂದಳು. "ಹಾಲು ಪಾಯಸ ಇಷ್ಟ. ಮೊಸರು, ಬೆಣ್ಣೆ, ಗಿಣ್ಣು. ಎಲ್ಲ ಹಾಲಿಂದೇ."

ಅಮ್ಮಯಮ್ಮನ ಮುಖ ಅರಳಿತು. ಮುಖವೇ ಕಾಣದ ಸೊಸೆಯ ಮೇಲೆ ಏಳು ತಿಂಗಳಿಂದ ಅವಳಿಗೊಂದು ಕೊರಗಿತ್ತು, ಎಲ್ಲಿಯವಳೋ ಎಂಥವಳೋ ಎಂದು. "ಅಯ್ಯೋ ನನ್ನವ್ವ, ನಮ್ಮ ಮನೆ ಹೆಣ್ಣುಮಕ್ಕಳ ಹಂಗೇ. ಬಂದಿದ್ರೆ ಎರಡು ಎಮ್ಮೆ ಹಾಲು ಅವಳಿಗೇ ಬಿಡ್ತಿದ್ದೆ," ಎಂದು ಕಣ್ಣು ಒರೆಸಿಕೊಂಡು ಎದ್ದು ಹಾಲು ಒಲೆಗಿಟ್ಟಳು. ಹುಡುಗಿಗೆ ಅಜ್ಜಿಯನ್ನು ನೋಡಿ ಪಾಪ ಅನ್ನಿಸಿತು. ಆದರೂ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಹೆಸರೇನವ್ವ ಅವಳದು? ನಾನೇ ಕೂಗಬೇಕು. ನಿಮ್ಮಪ್ಪ ಬಾಯಿ ಬಿಡಲ್ಲ."

ಇದನ್ನು ಹುಡುಗಿ ಎಣಿಸಿರಲಿಲ್ಲ. ಹೆಸರು ಕೊಡಲೇಬೇಕು. ಗೊತ್ತಿಲ್ಲ ಎಂದರೆ ಅಪ್ಪನನ್ನು ಕೇಳುತ್ತಾರೆ. ಕೊಟ್ಟ ಹೆಸರಿನವರು ಸತ್ತು ಬರಬೇಕು. ಅವಳು ತನಗೆ ಗೊತ್ತಿದ್ದ ಬರ್ಮಾದವರನ್ನೆಲ್ಲ ಒಬ್ಬೊಬ್ಬರಾಗಿ ಮನಸ್ಸಿನಲ್ಲಿ ಸಾಲು ನಿಲ್ಲಿಸಿದಳು. ಪೆಗುವಿನ ಅಜ್ಜಿ ಮೊದಲೇ ಕಾಲು ಕೆಟ್ಟವಳು. ಪಕ್ಕದ ಮನೆಯ ದರ್ಜಿಯ ಹೆಂಡತಿಗೆ ಕೈಗೂಸಿತ್ತು. ಜೊತೆಗೆ ಆಡುತ್ತಿದ್ದ ಗೆಳತಿ ಅವಳಿಗಿಂತಲೂ ಚಿಕ್ಕವಳು. ಯಾರನ್ನು ಕೊಡುವುದು? ಒಬ್ಬರನ್ನೂ ಕೊಡಲು ಮನಸ್ಸಾಗಲಿಲ್ಲ. ಕೊನೆಗೆ ಒಂದೇ ಹೆಸರು ಉಳಿಯಿತು.

"ಮ್ಯಾ," ಎಂದಳು.

"ಮ್ಯಾ," ಎಂದು ಅಜ್ಜಿ ನಾಲ್ಕಾರು ಸಲ ಹೇಳಿ ನಾಲಗೆಗೆ ಅಭ್ಯಾಸ ಮಾಡಿಕೊಂಡಳು. ಆ ಮನೆಯಲ್ಲಿ ಆ ಹೆಸರಿಂದ ಮಗುವನ್ನು ಯಾರೂ ಕರೆದದ್ದಿಲ್ಲ. ಬಂದ ದಿನವೇ ಅಮ್ಮಯಮ್ಮ ಮುನಿಗಂಗಮ್ಮ ಎಂದು ಇಟ್ಟು ಹಳೆಯದು ಏನೆಂದೂ ಕೇಳಿರಲಿಲ್ಲ.

ಮಧ್ಯಾಹ್ನ ಅಪ್ಪಯ್ಯಣ್ಣ ಬಂದು ಜಗಲಿಯ ಮೇಲೆ ಕೂತರು. ನಡುಮನೆಯಲ್ಲಿ ಕಳಶದ ಮುಂದೆ ನಾಲ್ಕು ಎಲೆ ಹಾಕಿತ್ತು. ನಾಲ್ಕನೇ ಎಲೆಯ ಪಕ್ಕದಲ್ಲಿ ಹಸಿರು ಸೀರೆ, ಕುಪ್ಪಸದ ಕಣ, ಬಳೆ. ಎಲೆಯ ತುಂಬ ಹಾಲು ಪಾಯಸ, ಮೊಸರನ್ನ, ಬೆಣ್ಣೆ. ಮುನಿವೆಂಕಟಪ್ಪ ಒದ್ದೆ ಪಂಚೆಯಲ್ಲಿ ತಂಬಿಗೆ ಹಿಡಿದು ಕೂತ. ಹುಡುಗಿ ಬಾಗಿಲ ಪಕ್ಕ ಗೋಡೆಗೆ ಅಂಟಿಕೊಂಡು ನಿಂತಳು. ಅವಳಿಗೆ ಭಯವಾಗುತ್ತಿತ್ತು, ಆದರೆ ಅಮ್ಮ ಉಳಿದಳು ಎಂಬ ಸಮಾಧಾನವೂ ಇತ್ತು.

ಅಮ್ಮಯಮ್ಮ ಸೆರಗು ಹೊದ್ದು ಕೂಗತೊಡಗಿದಳು. ಮಾವನನ್ನು ಕರೆದಳು, ಅತ್ತೆಯನ್ನು ಕರೆದಳು, ಗಂಡನ ಹೆಸರು ಹೇಳಬಾರದೆಂದು "ಮುನಿವೆಂಕಟನ ಅಪ್ಪ, ಬನ್ನಿ, ಉಣ್ಣಿ" ಎಂದಳು. ಪ್ರತಿ ಸಲವೂ ಮಗ ಎಲೆಯ ಸುತ್ತ ನೀರು ಬಿಟ್ಟ. ನಾಲ್ಕನೇ ಎಲೆಯ ಮುಂದೆ ಅವಳ ದನಿ ಮೆತ್ತಗಾಯಿತು.

"ರಂಗೂನಿನ ನನ್ನ ಸೊಸೆ, ಮ್ಯಾ, ಬಾರವ್ವ. ಬಂದು ಉಣ್ಣು."

ಮುನಿವೆಂಕಟಪ್ಪನ ಕೈ ಗಾಳಿಯಲ್ಲಿ ನಿಂತಿತು. ನೀರು ಬೀಳಲಿಲ್ಲ.

"ಯಾರ ಹೆಸರವ್ವ ಅದು? ಯಾರು ಹೇಳಿದ್ರು?"

"ಮಗು ಹೇಳ್ತು. ಯಾಕೋ?"

ಅವನು ತಿರುಗಿ ಬಾಗಿಲ ಕಡೆ ನೋಡಿದ. ಆಮೇಲೆ ಎಲೆಯ ಮೇಲಿನ ಹಾಲು ಪಾಯಸವನ್ನು ನೋಡಿದ. ಮಗಳು ಏನು ಮಾಡಿದ್ದಾಳೆಂಬುದು ಅವನಿಗೆ ಪೂರ್ತಿ ತಿಳಿಯಿತು. ಸತ್ತವರ ಸಾಲಿನಲ್ಲಿ, ದೀಪದ ಮುಂದೆ, ಅವನ ಹೆತ್ತ ತಾಯಿ ಅವನ ಬದುಕಿರುವ ಮಗಳನ್ನು ಕೂಗಿ ಕರೆದಿದ್ದಳು.

"ಅದು ಇವಳ ಹೆಸರವ್ವ," ಎಂದ.

ಅಮ್ಮಯಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಕೂಡಲೆ ಎದೆ ಹಿಡಿದುಕೊಂಡಳು. "ಅಯ್ಯೋ ಕೆಟ್ಟೆ. ಹಿಂದಕ್ಕೆ ತಕ್ಕೋ. ಬೇಗ ಅವಳ ಹೆಸರು ಹೇಳೋ. ಕೂಗಿದ ಎಲೆ ಹಂಗೇ ಬಿಡಬಾರದು, ಮಗು ಮೇಲೆ ಹೋಗ್ತದೆ. ಹೇಳೋ ಮುನಿವೆಂಕಟ."

ಜಗಲಿಯಲ್ಲಿ ಅಪ್ಪಯ್ಯಣ್ಣ ಎದ್ದು ನಿಂತಿದ್ದರು. ಹುಡುಗಿ ತಲೆ ಅಲ್ಲಾಡಿಸುತ್ತಿದ್ದಳು, ಬೇಡ ಬೇಡ ಎಂದು. ಮುನಿವೆಂಕಟಪ್ಪ ಅವಳನ್ನೇ ನೋಡುತ್ತಿದ್ದ. ಎಲೆ ಎದುರಿಗಿತ್ತು. ಹೆಂಡತಿ ಎಲ್ಲಿದ್ದಳೋ, ಇದ್ದಳೋ ಇಲ್ಲವೋ, ದೇವರಿಗೇ ಗೊತ್ತು. ಮಗಳು ಎರಡು ಮಾರು ದೂರದಲ್ಲಿ ಲಂಗ ಉಟ್ಟು ನಿಂತಿದ್ದಳು. ತೂಬಗೆರೆಯ ಒಕ್ಕಲು ಮಗನಿಗೆ ಆ ಹೊತ್ತಿನಲ್ಲಿ ಬೇರೆ ದಾರಿ ಕಾಣಲಿಲ್ಲ.

"ಮಾ ಶ್ವೇ," ಎಂದ.

ಏಳು ತಿಂಗಳಲ್ಲಿ ಅವನು ಆ ಹೆಸರು ಹೇಳಿದ್ದು ಅದೇ ಮೊದಲು. ರಂಗೂನಿನಲ್ಲಿ ಟ್ರಾಮಿನಿಂದ ಇಳಿದು ಹೇಗೆ ಕರೆಯುತ್ತಿದ್ದನೋ ಹಾಗೆಯೇ ಕರೆದ. ಹುಡುಗಿಗೆ ಆ ದನಿ ಚೆನ್ನಾಗಿ ಗೊತ್ತಿತ್ತು. ಆ ದನಿಗೆ ಅಮ್ಮ ಓಗೊಡದೆ ಇದ್ದದ್ದೇ ಇಲ್ಲ.

"ಮಾ ಶ್ವೇ, ಬಾ. ಉಣ್ಣು," ಎಂದು ಅವನು ನೀರು ಬಿಟ್ಟ. ಆಮೇಲೆ ಪಾಯಸವನ್ನೂ ಮೊಸರನ್ನೂ ಎಲೆಯಿಂದ ತೆಗೆದು ಪಕ್ಕಕ್ಕಿಟ್ಟ. "ಅವಳಿಗೆ ಹಾಲು ಸೇರ್ತಿರಲಿಲ್ಲ ಅವ್ವ," ಎಂದು ಅಡಿಗೆ ಮನೆಗೆ ಹೋಗಿ, ಬಿಳಿ ಅನ್ನ, ಹುಳಿಸೊಪ್ಪಿನ ಪಲ್ಯ, ಕೆಂಡದಲ್ಲಿ ಸುಟ್ಟ ಒಂದು ಒಣಮೀನು ತಂದು ಬಡಿಸಿದ. ಮೀನಿನ ಮುಳ್ಳನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ಇಟ್ಟ. ಅವನ ಮೂಗಿನ ತುದಿಯಿಂದ ಕಣ್ಣೀರು ತೊಟ್ಟಿಕ್ಕುತ್ತಿತ್ತು.

ಎಲ್ಲರೂ ಹೊರಗೆ ಬಂದರು. ಅಮ್ಮಯಮ್ಮ ಬಾಗಿಲು ಎಳೆದುಕೊಂಡಳು. ಅಪ್ಪಯ್ಯಣ್ಣ ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದರು. ಮುನಿವೆಂಕಟಪ್ಪ ಮಗಳನ್ನು ಬಳಿಗೆಳೆದುಕೊಳ್ಳಲು ಕೈ ಚಾಚಿದ. ಅವಳು ಹೋಗಲಿಲ್ಲ. ಮುಚ್ಚಿದ ಬಾಗಿಲಿಗೆ ಹಣೆ ಇಟ್ಟು ನಿಂತಳು. ಮದರಾಸಿನ ಹಡಗುಗಳ ಏಣಿಯ ಬುಡದಲ್ಲಿ, ತೂಬಗೆರೆಯ ಬಸ್ಸು ನಿಲ್ಲುವ ಕಡೆ, ಪ್ರತಿ ದಿನ ಬಾ ಬಾ ಎಂದು ಕರೆಯುತ್ತಿದ್ದವಳು ಈಗ ಕಣ್ಣು ಬಿಗಿಯಾಗಿ ಮುಚ್ಚಿ, ತನ್ನ ತಾಯಿಯ ಭಾಷೆಯಲ್ಲಿ, ಬರಬೇಡ ಅಮೇ, ಬರಬೇಡ, ಹಸಿವಾದರೂ ಬರಬೇಡ ಎಂದು ಬೇಡಿಕೊಳ್ಳುತ್ತಿದ್ದಳು.

ಸ್ವಲ್ಪ ಹೊತ್ತಿನ ಮೇಲೆ ಅಮ್ಮಯಮ್ಮ ಒಂದು ಸಲ ಕೆಮ್ಮಿ ಬಾಗಿಲು ತೆಗೆದಳು. ಒಳಗೆ ಹೋಗಿ ನಾಲ್ಕು ಎಲೆಗಳನ್ನೂ ಬಗ್ಗಿ ನೋಡಿದಳು. ಹೊರಗೆ ಬಂದು ಮೊಮ್ಮಗಳ ಮುಂದೆ ಮಂಡಿಯೂರಿ ಕೂತು, ಅವಳ ಎರಡು ಕೆನ್ನೆಯನ್ನೂ ಹಿಡಿದುಕೊಂಡಳು.

"ಅಳಬ್ಯಾಡ ಕಣವ್ವ," ಎಂದಳು. "ನಿಮ್ಮವ್ವ ಬಂದಿದ್ಲು. ಹೊಟ್ಟೆ ತುಂಬ ಉಂಡು ಹೋಗವಳೆ."